ಕಾಲು ಚಾಚಲು ದಿಕ್ಕಿಲ್ಲದ ಮನೆ

ಮೊನ್ನೆ ಆಸ್ಪತ್ರೆಯಲ್ಲಿ ಮೊಮ್ಮಗನ ವಯಸ್ಸಿನ ಡಾಕ್ಟರು ನನ್ನ ಮೀನಖಂಡವನ್ನು ಬೆರಳಿನಿಂದ ಒತ್ತಿ ನೋಡಿ, "ಕೂತಾಗ ಕಾಲೊಳಗೆ ಏನೋ ಹರಿದಾಡಿದಂತಾಗುತ್ತಾ ಅಜ್ಜಿ? ಎದ್ದು ಓಡಾಡಿದರೆ ಸರಿಹೋಗುತ್ತಾ?" ಎಂದು ಕೇಳಿದರು. ಹೌದೆಂದೆ. ಉಬ್ಬಿದ ರಕ್ತನಾಳಕ್ಕೂ ಈ ಚಡಪಡಿಕೆಗೂ ಕೆಲವರಲ್ಲಿ ನಂಟಿರುತ್ತದೆ, ದಿನಾ ಸ್ವಲ್ಪ ಹೊತ್ತು ಕಾಲು ಎತ್ತರದಲ್ಲಿಟ್ಟು ಮಲಗಿ ಎಂದರು. ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಪಾಪ, ಅವರು ಔಷಧ ಬರೆಯುವುದು ಬಿಟ್ಟು ನನ್ನ ಬಿ.ಪಿ. ನೋಡಿದರು.

ಸಿಟ್ಟು ಅವರ ಮೇಲಲ್ಲ. ನಿಮಗೆ ಹೇಳಿದರೆ ಅರ್ಥವಾದೀತು.

ನಾನು ನರಸಿಂಹರಾಜಪುರದ ಆ ಮನೆಗೆ ಕಿರಿಸೊಸೆಯಾಗಿ ಹೋದದ್ದು ದೊಡ್ಡ ಯುದ್ಧದ ಕಾಲದಲ್ಲಿ. ಮುಂದೆ ಬಟ್ಟೆ ಅಂಗಡಿ, ಹಿಂದೆ ಮನೆ. ಹಿರಿಸೊಸೆ ನೀಲಕ್ಕ, ನನ್ನ ವಾರಗಿತ್ತಿ. ಅತ್ತೆ ಮಾವ ಕೂತಿರುವಾಗ ಸೊಸೆಯರು ಕೂರಬಾರದು ಎಂಬುದು ಅಲ್ಲಿನ ನೇಮ. ಅವರೋ ಕೂತರೆ ಸುಲಭಕ್ಕೆ ಏಳುವವರಲ್ಲ. ನಾನು ಕಳ್ಳಿ, ನೀರು ಸೇದುವ ನೆಪದಲ್ಲಿ ಬಾವಿಕಟ್ಟೆಯ ಮೇಲೆ ಕೂತು ಬರುತ್ತಿದ್ದೆ. ನೀಲಕ್ಕನಿಗೆ ಆ ಬುದ್ಧಿ ಇರಲಿಲ್ಲ. ನಾನು ಬರುವ ಹೊತ್ತಿಗಾಗಲೇ ಹನ್ನೆರಡು ವರ್ಷ ನಿಂತೇ ಇದ್ದಳು. ಮೊಣಕಾಲ ಕೆಳಗೆ ಅವಳ ನರಗಳು ಹುರಿಹಗ್ಗದಂತೆ ಗಂಟುಗಂಟಾಗಿ ಎದ್ದಿದ್ದವು.

ಅವಳು ಕೂರುತ್ತಿದ್ದದ್ದು ಊಟಕ್ಕೆ ಮತ್ತು ಲಿಂಗಪೂಜೆಗೆ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ದೃಷ್ಟಿ ನೆಟ್ಟು ಐದು ನಿಮಿಷವಾಗುವುದರೊಳಗೆ ಕಾಲು ತಾನಾಗಿ ಜಗ್ಗತೊಡಗುವುದು.

"ಎಂತಕ್ಕೆ ಹಂಗೆ ಕಾಲು ಕುಣಿಸ್ತೀಯೆ? ಲಕ್ಷ್ಮಿ ನಿಲ್ತಾಳಾ ಮನೇಲಿ?" ಎನ್ನುತ್ತಿದ್ದರು ಅತ್ತೆ.

"ನಾ ಕುಣಿಸೋದಲ್ಲ ಅತ್ತೆ. ಒಳಗೆ ಇರುವೆ ಹರಿದಂಗಾಗುತ್ತೆ."

ಕುಣಿಯುವ ಕಾಲಿಗೆ ಭಾರ ಬಿದ್ದರೆ ನಿಲ್ಲುತ್ತದೆ ಎಂದು ಅತ್ತೆ ತೀರ್ಮಾನಿಸಿದರು. ತುಂಟ ದನದ ಕೊರಳಿಗೆ ಕೊರಡು ಕಟ್ಟುವುದಿಲ್ಲವೇ, ಹಾಗೆ. ಎರಡು ದಪ್ಪ ಬೆಳ್ಳಿ ಕಡಗ ಮಾಡಿಸಿದರು. ತೊಡಿಸಲು ಬಂದ ಅಕ್ಕಸಾಲಿ ಅನುಮಾನಿಸಿದ.

"ಕಾಲು ಬಾತಿದೆಯಲ್ಲ ತಾಯಿ, ಬಿಗಿ ಆಗುತ್ತೆ."

"ಬಿಗಿ ಇರ್ಲಿ ಅಂತ್ಲೇ ಮಾಡ್ಸಿದ್ದು," ಎಂದರು ಅತ್ತೆ.

ಅಲುಗಾಡದಂತೆ ಕಾಲು ಹಿಡಿದುಕೊಂಡವಳು ನಾನು. ಹಿಡಿ ಎಂದರು, ಹಿಡಿದೆ. ಕಡಗದ ಬಾಯಿ ಒತ್ತಿ ಮುಚ್ಚುವಾಗ ನೀಲಕ್ಕ ನನ್ನ ಮುಖ ನೋಡಿದಳು. ನಾನು ಕಡಗದ ಹೂವಿನ ಕೆಲಸ ನೋಡಿದೆ.

ತಿಂಗಳೊಳಗೆ ಕಡಗದ ಅಂಚು ತಾಗಿ ತಾಗಿ ಹುಣ್ಣಾಯಿತು. ಒಂದು ಬೆಳಿಗ್ಗೆ ಪೂಜೆಗೆ ಕೂತಿದ್ದಾಗಲೇ ನರ ಒಡೆದು ಮಣೆಯ ಕೆಳಗೆ ರಕ್ತ ಹರಿಯಿತು. ಬಟ್ಟೆ ಸುತ್ತಿ, ಅವಳ ಗಂಡ, ಅಂದರೆ ನನ್ನ ಭಾವ, ಅವಳನ್ನು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೊಪ್ಪಕ್ಕೆ ಕರೆದೊಯ್ದರು. ಜೊತೆಗೆ ನಾನೂ ಹೋದೆ. ಡಾಕ್ಟರು ಸಣ್ಣ ಗರಗಸದಿಂದ ಕಡಗ ಕೊಯ್ದು ತೆಗೆದರು.

"ಇದನ್ನ ಹಾಕ್ಸಿದ್ದು ಯಾರ್ರೀ?"

ಭಾವ ಗೋಡೆ ನೋಡಿದರು.

"ನಿಂತು ನಿಂತು ನರ ಊದಿದೆ. ಕೂತಾಗ ಕಾಲು ಎಳೆಯೋದೂ ಅದ್ರಿಂದ್ಲೇ ಇರ್ಬೇಕು. ದಿನಾ ಮಧ್ಯಾಹ್ನ ಕಾಲು ಎತ್ತರಕ್ಕಿಟ್ಟು ಮಲಗ್ಲಿ. ಇಲ್ಲಾಂದ್ರೆ ಹುಣ್ಣು ಮಾಯಲ್ಲ, ಕಾಲೇ ಕಳ್ಕೋತಾರೆ."

ಮನೆಯಲ್ಲಿ ಪಂಚಾಯಿತಿ ಕೂತಿತು. ಕಾಲು ಯಾವ ಕಡೆಗೆ ಚಾಚುವುದು? ಮೂಡಲಿಗೆ ದೇವರ ಕೋಣೆ. ಪಡುವಲಿಗೆ ಅಂಗಡಿಯ ಗದ್ದುಗೆ. ಬಡಗಲಿಗೆ ಮಾವನವರ ಮಂಚ. ತೆಂಕಲು ಖಾಲಿಯಿತ್ತು ಎನ್ನಬೇಕು, ಆದರೆ ಅಲ್ಲಿ ಅತ್ತೆ ಕೂರುತ್ತಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬ ಹೆಂಗಸಿನ ಎರಡು ಕಾಲಿಗೆ ದಿಕ್ಕು ಸಿಗಲಿಲ್ಲ, ನೋಡಿ. ಕೊನೆಗೆ ಸೌದೆ ಕೊಟ್ಟಿಗೆ ಎಂದಾಯಿತು. ಸೌದೆಗೆ ಮಾನ ಮರ್ಯಾದೆಯ ಹಂಗಿಲ್ಲವಲ್ಲ.

ಅಲ್ಲಿ ಗೋಣಿ ಹಾಸಿ, ಒಂದು ದಿಮ್ಮಿಯ ಮೇಲೆ ಅವಳ ಕಾಲಿಡುತ್ತಿದ್ದೆ. ಹುಣ್ಣು ನಿಧಾನವಾಗಿ ಒಣಗತೊಡಗಿತು. ಒಂದು ಮಧ್ಯಾಹ್ನ ಅತ್ತೆ ಬಂದರು. ಬೈಯಲು ಬಂದರೆಂದುಕೊಂಡೆ. "ಸ್ವಲ್ಪ ಜರುಗೇ" ಎಂದು ನೀಲಕ್ಕನ ಪಕ್ಕದಲ್ಲಿ ಮಲಗಿ, ಸೀರೆ ತುಸು ಮೇಲೆತ್ತಿ, ತಮ್ಮ ಕಾಲನ್ನೂ ದಿಮ್ಮಿಯ ಮೇಲಿಟ್ಟರು. ಅದೇ ಗಂಟುಗಳು, ಇನ್ನೂ ದಪ್ಪ.

"ನಮ್ಮತ್ತೆ ಕಾಲದಿಂದ್ಲೂ ಇದೆ" ಎಂದರು, ಸೂರು ನೋಡುತ್ತಾ. ಅಷ್ಟೇ.

ಇದನ್ನು ಕೇಳಿದವರೆಲ್ಲ "ಪಾಪ, ಅವರೂ ಅನುಭವಿಸಿದವರೇ" ಎನ್ನುತ್ತಾರೆ. ನಾನು ಅನ್ನುವುದಿಲ್ಲ. ಗೊತ್ತಿಲ್ಲದೆ ಕಡಗ ಹಾಕಿಸಿದ್ದರೆ ಕ್ಷಮಿಸಬಹುದಿತ್ತು. ಕಾಲೊಳಗೆ ಇರುವೆ ಹರಿಯುವುದು ಏನೆಂದು ಆ ಮನೆಯಲ್ಲಿ ಚೆನ್ನಾಗಿ ಗೊತ್ತಿದ್ದವರು ಅವರೇ. ತಾವು ಹಲ್ಲು ಕಚ್ಚಿ ಅದುಮಿಟ್ಟದ್ದನ್ನು ಸೊಸೆಯೂ ಅದುಮಿಡಲಿ ಎಂಬ ಹಟ ಅದು. ಕಾಲು ಹಿಡಿದುಕೊಂಡ ನನಗಂತೂ ಹಟದ ಸಮಜಾಯಿಷಿಯೂ ಇಲ್ಲ, ಬರೀ ಹೆದರಿಕೆ.

ನೀಲಕ್ಕನ ಕಾಲು ಉಳಿಯಿತು. ಆದರೆ ಬದುಕಿರುವವರೆಗೂ ಅವಳು ಕಾಲು ಚಾಚಿದ್ದು ಆ ಕೊಟ್ಟಿಗೆಯಲ್ಲೇ. ಮಾವ ಹೋದ ಮೇಲೂ, ಅತ್ತೆ ಹೋದ ಮೇಲೂ.

ನಿನ್ನೆಯಿಂದ ನಾನು ನಡುಮನೆಯಲ್ಲೇ ಸ್ಟೂಲಿನ ಮೇಲೆ ಎರಡು ದಿಂಬಿಟ್ಟು ಕಾಲು ಚಾಚುತ್ತಿದ್ದೇನೆ. ಇವತ್ತು ಬಾಳೆಹೊನ್ನೂರಿನಿಂದ ಬೀಗರು ಬಂದರು. ಹಿರಿಯರು ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದಂತೆ, ಯಾರೂ ಹೇಳದೆಯೇ ನನ್ನ ಕಾಲು ಕೆಳಗಿಳಿದಿತ್ತು. ಎಪ್ಪತ್ತು ದಾಟಿದ ಹೆಂಗಸು. ನನ್ನ ಮನೆ, ನನ್ನ ಸ್ಟೂಲು. ನನ್ನ ಮೇಲೇ ಹೇಸಿಗೆಯಾಯಿತು. ಬೀಗರ ಮುಖ ನೋಡುತ್ತಲೇ, ಒಂದಾದ ಮೇಲೊಂದು, ಎರಡು ಕಾಲನ್ನೂ ಮತ್ತೆ ಎತ್ತಿಟ್ಟೆ.