ಅಳೋದಿದ್ರೆ ಚಾಮರಾಜಪೇಟೆಯಲ್ಲೇ ಅತ್ತುಬಿಡಿ

"ಇನ್ನು ಯಾರಾದ್ರೂ ಕಾಲಿಗೆ ಬೀಳೋದು ಬಾಕಿ ಇದೆಯಾ? ಇದ್ರೆ ಈಗಲೇ ಬಿದ್ದುಬಿಡಿ. ಅಲ್ಲಿ ಬೀಳೋಕೆ ಜಾಗಾನೂ ಇಲ್ಲ, ಟೈಮೂ ಇಲ್ಲ."

ತಮ್ಮ ಟ್ಯಾಕ್ಸಿಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅಂಜಮ್ಮ ಕೂಗುತ್ತಿದ್ದಾರೆ. ಚಾಮರಾಜಪೇಟೆಯ ಈ ಅಡ್ಡರಸ್ತೆಗೆ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹೊತ್ತು ಹೋಗುವುದನ್ನೂ ಮರೆತು, ನಡೆಯುತ್ತಿರುವುದನ್ನು ನೋಡುತ್ತಿದ್ದಾನೆ. ಹೊಸ ಸೀರೆ ಉಟ್ಟ ಅಕ್ಷಯಾ ಒಬ್ಬೊಬ್ಬರ ಪಾದ ಮುಟ್ಟುತ್ತ ಮೆಟ್ಟಿಲಿಳಿಯುತ್ತಾಳೆ. ಪಕ್ಕದ ಮನೆಯವರಿಗೆ, ಎದುರುಮನೆಯ ಅಜ್ಜಿಗೆ, ಸೋದರತ್ತೆಗೆ. ಸೋದರತ್ತೆ ಆಗಲೇ ಬಿಕ್ಕುತ್ತಿದ್ದಾರೆ.

"ಅಳಿ ಅತ್ತೆ, ಚೆನ್ನಾಗಿ ಅಳಿ," ಅಂಜಮ್ಮ ಹುರಿದುಂಬಿಸುತ್ತಾರೆ. "ಇಲ್ಲಿ ಎಷ್ಟು ಹೊತ್ತು ಅತ್ತರೂ ಪುಕ್ಕಟೆ. ಏರ್‌ಪೋರ್ಟ್ ಬಾಗಿಲಲ್ಲಿ ಅತ್ತರೆ ಚಾರ್ಜು."

ಅಳುತ್ತಿದ್ದವರು ನಕ್ಕುಬಿಡುತ್ತಾರೆ.

ಅಕ್ಷಯಾಳ ಮದುವೆಯಾಗಿ ಇನ್ನೂ ಹದಿನೈದು ದಿನ ಆಗಿಲ್ಲ. ರೈಲ್ವೆಯಲ್ಲಿ ಕೆಲಸ ಮಾಡುವ ಗಂಡ ಮೊದಲೇ ಗುವಾಹಟಿಗೆ ಹೋಗಿ ಕ್ವಾರ್ಟರ್ಸ್ ಗುಡಿಸಿ, ಗ್ಯಾಸ್ ಹಾಕಿಸಿ ಕಾಯುತ್ತಿದ್ದಾನೆ. ಇಂದು ಹುಡುಗಿ ಹೊರಡುತ್ತಿದ್ದಾಳೆ. ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರ ಹಿಂದೆಲ್ಲ ಮದುವೆ ಮಂಟಪದಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ನಡೆಯುತ್ತಿತ್ತು. ಮೆಜೆಸ್ಟಿಕ್ಕಿನಲ್ಲಿ ಡ್ರೈವರ್ ಹಾರ್ನ್ ಹೊಡೆದು ಸುಸ್ತಾಗುವವರೆಗೂ ಕಿಟಕಿ ಹಿಡಿದು ಅಳಬಹುದಿತ್ತು. ವಿಮಾನ ನಿಲ್ದಾಣದ ಬಾಗಿಲಿಗೆ ಅಷ್ಟು ತಾಳ್ಮೆಯಿಲ್ಲ. ಕಾರು ನಿಲ್ಲಬಹುದಾದದ್ದು ಕೆಲವೇ ಪುಕ್ಕಟೆ ನಿಮಿಷ. ಅದು ಮೀರಿದರೆ ಕಾಸು, ಇನ್ನೂ ಮೀರಿದರೆ ಗಾಡಿಯನ್ನೇ ಎಳೆದುಕೊಂಡು ಹೋಗುತ್ತಾರೆ.

ಈ ನಿಯಮ ಬಂದ ಹೊಸದರಲ್ಲಿ ಅಂಜಮ್ಮನ ಕಾರಿನಲ್ಲೇ ಒಂದು ಅನಾಹುತವಾಗಿತ್ತು. ಬಸವನಗುಡಿಯ ತಾತನೊಬ್ಬರು ಮೊಮ್ಮಗಳನ್ನು ಕಳಿಸಲು ಬಂದು, ಬಾಗಿಲಲ್ಲಿ ಇಳಿದವರು ಆಶೀರ್ವಾದದ ಮಂತ್ರ ಶುರುಮಾಡಿದರು. ಮಂತ್ರವನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಹಿಂದಿನ ಗಾಡಿಯಲ್ಲಿ ಬಂದ ಬಂಧುಗಳೆಲ್ಲ ಸಾಲಾಗಿ ಅಡ್ಡಬಿದ್ದರು. ಬಂದ ಚಾರ್ಜನ್ನು ಯಾರು ಕೊಡಬೇಕೆಂದು ವಾಪಸ್ ಬರುವಾಗ ಹೆಬ್ಬಾಳದವರೆಗೂ ಜಗಳ. ಮೊಮ್ಮಗಳನ್ನು ಕಳಿಸಿದ ದುಃಖವನ್ನೇ ಎಲ್ಲರೂ ಮರೆತಿದ್ದರು.

"ಅವತ್ತೇ ತೀರ್ಮಾನ ಮಾಡ್ದೆ," ಎನ್ನುತ್ತಾರೆ ಅಂಜಮ್ಮ. "ಹೇಳಿದ ಹೊತ್ತಿಗಿಂತ ಬೇಗ ಬಂದು ಬಾಗಿಲಲ್ಲಿ ನಿಂತ್ಕೊಳ್ಳೋದು. ಆರತಿ, ನಮಸ್ಕಾರ, ಅಳು, ಬುದ್ಧಿಮಾತು, ಎಲ್ಲಾ ಇಲ್ಲೇ. ಅಲ್ಲಿ ಬರೀ ಸೂಟ್‌ಕೇಸ್ ಇಳಿಸೋದು, ಟಾಟಾ."

ಆ ಮಾತು ಬೀದಿಯಿಂದ ಬೀದಿಗೆ ಹರಡಿತು. ಈಗ ಚಾಮರಾಜಪೇಟೆಯಲ್ಲಿ, ಬಸವನಗುಡಿಯಲ್ಲಿ, ಹನುಮಂತನಗರದಲ್ಲಿ ಯಾರ ಮನೆಯಲ್ಲಿ ಯಾರು ದೂರ ಹೊರಟರೂ ಮೊದಲು ಅಂಜಮ್ಮನಿಗೆ ಫೋನು. ಹೊರಡುವ ಹೊತ್ತಿಗೆ ರಾಹುಕಾಲ ಬಿದ್ದರೆ, ಹಿಂದಿನ ಸಂಜೆಯೇ ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಡುವ ಪದ್ಧತಿಯಿದೆಯಲ್ಲ, ಆ ಚೀಲಗಳನ್ನೆಲ್ಲ ಈಗ ಇಡುವುದು ಅಂಜಮ್ಮನ ಕಾರಿನ ಡಿಕ್ಕಿಯಲ್ಲಿ.

ಮಡಿಲಕ್ಕಿ ಕಟ್ಟುವ ಹೊತ್ತು. ಸೋದರತ್ತೆ ಅಕ್ಷಯಾಳ ಸೆರಗಿಗೆ ಅಕ್ಕಿ, ಬೆಲ್ಲ, ಅರಿಸಿನದ ಕೊಂಬು, ಬಳೆ ಸುರಿದು, ಮೇಲೆ ಎರಡು ಕೊಬ್ಬರಿ ಗಿಟುಕು ಇಡುತ್ತಾರೆ.

"ಕೊಬ್ಬರಿ ಬೇಡ ಅತ್ತೆ," ಅಂಜಮ್ಮ ತಡೆಯುತ್ತಾರೆ. "ಚೆಕಿಂಗ್‌ನಲ್ಲಿ ತೆಗೆದಿಡ್ತಾರೆ."

"ಕೊಬ್ಬರಿ ಇಲ್ಲದ ಮಡಿಲಕ್ಕಿ ಯಾವ ಊರಿನ ಶಾಸ್ತ್ರ ಕಣಮ್ಮ?"

"ವಿಮಾನದ ಊರಿನ ಶಾಸ್ತ್ರ. ಅಲ್ಲಿ ಇಳಿದ ಮೇಲೆ ಅಳಿಯಂದಿರು ಕೊಡಿಸ್ತಾರೆ ಬಿಡಿ, ಇಷ್ಟೂ ಮಾಡದ ಗಂಡ ಯಾಕೆ?"

ಸೋದರತ್ತೆ ಗೊಣಗುತ್ತಲೇ ಗಿಟುಕುಗಳನ್ನು ಅಂಜಮ್ಮನ ಕೈಗೆ ತುರುಕುತ್ತಾರೆ. ಹೀಗೆ ಉಳಿದ ಕೊಬ್ಬರಿಯಲ್ಲೇ ಅಂಜಮ್ಮನ ಮನೆಯ ಚಟ್ನಿಪುಡಿ ನಡೆಯುತ್ತದೆ. "ನಮ್ಮನೆಯವಳು ಯಾರ ಮಗಳನ್ನ ಕಳಿಸಿದಳು ಅಂತ ನಂಗೆ ಊಟದಲ್ಲೇ ಗೊತ್ತಾಗತ್ತೆ," ಎನ್ನುವುದು ಗಂಡ ಮರಿಯಣ್ಣನ ಮಾತು.

ಕಾರು ಮೊದಲು ಮರಿಯಣ್ಣನದೇ. ಕಣ್ಣಿನ ನರ ಕೈಕೊಟ್ಟು, ಎದುರಿನ ದೀಪಗಳೆಲ್ಲ ಒಂದಕ್ಕೊಂದು ಕಲೆಸಿಹೋಗತೊಡಗಿದಾಗ ಅವರು ಸ್ಟೇರಿಂಗ್ ಬಿಟ್ಟರು. ಆಗ ಅಂಜಮ್ಮ ಶಾಲಾ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಗಾಡಿ ಮಾರೋಣ ಎಂದರು ಮರಿಯಣ್ಣ. ಕಲಿಸಿಕೊಡಿ ಎಂದರು ಅಂಜಮ್ಮ. ಹನುಮಂತನಗರದ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ನಿಲ್ಲಿಸುವುದನ್ನು ಕಲಿಯುವಷ್ಟರಲ್ಲಿ ಗಂಡಹೆಂಡಿರು ಬೀದಿಯಲ್ಲೇ ಎಷ್ಟೋ ಸಲ ಮಾತು ಬಿಟ್ಟಿದ್ದಾರೆ. ಟ್ಯಾಕ್ಸಿ ಸ್ಟ್ಯಾಂಡಿಗೆ ಮೊದಲ ದಿನ ಹೋದಾಗ ಒಬ್ಬ ಕೇಳಿದನಂತೆ: "ಏನಮ್ಮ, ಗಾಡಿ ತೊಳೆಯೋಕೆ ಬಂದ್ಯಾ?" ಅಂಜಮ್ಮ ಬಕೆಟ್ ತಂದು ಗಾಡಿ ತೊಳೆದರು. ಆಮೇಲೆ ಕೂತು ಓಡಿಸಿಕೊಂಡು ಹೋದರು.

ಸೂಟ್‌ಕೇಸು ಡಿಕ್ಕಿಗಿಡುವ ನೆಪದಲ್ಲಿ ಅಕ್ಷಯಾ ಹಿಂದೆ ಬರುತ್ತಾಳೆ.

"ಆಂಟಿ, ಒಂದು ವಿಷಯ. ಅಮ್ಮ ಇನ್ನೂ ಅತ್ತಿಲ್ಲ. ಮದುವೆ ದಿನಾನೂ ಅಳಲಿಲ್ಲ. ಹೀಗೇ ಕಳಿಸಿಬಿಟ್ರೆ, ಮನೆಗೆ ಬಂದು ಒಬ್ಬಳೇ ಎಲ್ಲಾ ನುಂಗ್ಕೊಂಡು ಕೂತ್ಕೋತಾಳೆ. ಎರಡು ದಿನ ಊಟ ಬಿಡ್ತಾಳೆ. ನಂಗೆ ಗೊತ್ತು."

"ಅಳಿಸ್ತೀನಿ ಬಾ."

"ಪ್ರಾಮಿಸ್?"

"ಅಯ್ಯೋ ಮಗಾ, ನನ್ನ ಕೆಲಸಾನೇ ಅದು."

ಕಾರು ಹೊರಡುತ್ತದೆ. ಮುಂದೆ ತಂದೆ ನಾಗಭೂಷಣ್, ಅಕ್ಕಿಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿಯವರು; ಹಣೆಯ ವಿಭೂತಿ ಬೆವರಿಗೆ ಆಗಲೇ ಅರ್ಧ ಅಳಿಸಿದೆ. ಹಿಂದೆ ಅಕ್ಷಯಾ, ಮಡಿಲಲ್ಲಿ ಅಕ್ಕಿಯ ಗಂಟು. ಪಕ್ಕದಲ್ಲಿ ತಾಯಿ ಶೈಲಜಮ್ಮ, ನೆಟ್ಟಗೆ, ಬ್ಯಾಂಕಿನ ಸರದಿಯಲ್ಲಿ ಕೂತವರ ಹಾಗೆ.

ಅಂಜಮ್ಮ ಬೇಕೆಂದೇ ಸ್ವಲ್ಪ ಸುತ್ತು ದಾರಿ ಹಿಡಿದು, ಅಕ್ಷಯಾ ಓದಿದ ಶಾಲೆಯ ಮುಂದೆ ಗಾಡಿ ನಿಧಾನಿಸುತ್ತಾರೆ.

"ಶೈಲಜಮ್ಮನೋರೇ, ಇದೇ ಸ್ಕೂಲಲ್ವಾ? ಎರಡು ಜಡೆ ಹಾಕ್ಕೊಂಡು ಬರೋಳು."

"ಹೂಂ. ಆಮೇಲೆ ಫೀಸು ಜಾಸ್ತಿ ಮಾಡಿದ್ರು."

ಮೆಜೆಸ್ಟಿಕ್ ದಾಟುವಾಗ ಅಂಜಮ್ಮ ತಮ್ಮ ಕಥೆ ತೆಗೆಯುತ್ತಾರೆ. ತವರು ಬಿಟ್ಟು ಬಂದ ದಿನ, ಊರ ಗಡಿಯವರೆಗೂ ಬಂದ ಅಮ್ಮ, ತಿರುತಿರುಗಿ ನೋಡಿದ್ದು. ಹೇಳುತ್ತ ಹೇಳುತ್ತ ಅವರೇ ಅಳತೊಡಗುತ್ತಾರೆ. ನಾಗಭೂಷಣ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಅಕ್ಷಯಾ ಮೂಗೆಳೆಯುತ್ತಾಳೆ.

ಶೈಲಜಮ್ಮ ಮುಂದಕ್ಕೆ ಬಾಗುತ್ತಾರೆ. "ಅಂಜಮ್ಮ, ಯಾಕೆ ಎತ್ತಿನಗಾಡಿ ಓಡಿಸಿದ ಹಾಗೆ ಓಡಿಸ್ತಿದೀಯ? ಕಣ್ಣು ಒರೆಸ್ಕೊಂಡು ರಸ್ತೆ ನೋಡು."

ಹೆಬ್ಬಾಳ ದಾಟಿದ ಮೇಲೆ ಚಕ್ರಕ್ಕೆ ಗಾಳಿ ನೋಡುವ ನೆಪ. ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಅಪ್ಪನನ್ನು ಹೊರಗೆ ಕರೆದು, ತಾಯಿಮಗಳನ್ನು ಒಳಗೇ ಬಿಡುತ್ತಾರೆ. ಕಾಫಿ ಮುಗಿದ ಮೇಲೆ ಬಂದು ನೋಡಿದರೆ, ಗುವಾಹಟಿಯಲ್ಲಿ ಹುಣಸೆಹಣ್ಣು ಸಿಗುತ್ತದೆಯೋ ಇಲ್ಲವೋ ಎಂಬ ಚರ್ಚೆ ನಡೆದಿದೆ. ಕನ್ನಡಿಯಲ್ಲಿ ಅಕ್ಷಯಾ ಅಂಜಮ್ಮನನ್ನು ನೋಡಿ ತುಟಿ ಓರೆ ಮಾಡುತ್ತಾಳೆ. ಬಿಸಿಲು ಬಿದ್ದಿದೆ. ಮುಂದಿರುವುದು ಬಾಗಿಲೊಂದೇ, ಪುಕ್ಕಟೆಯ ಆ ಕೆಲವು ನಿಮಿಷಗಳಷ್ಟೇ.

ನಿರ್ಗಮನದ ಬಾಗಿಲಲ್ಲಿ ಅಂಜಮ್ಮ ಗಾಡಿ ನಿಲ್ಲಿಸಿ ಸೂಟ್‌ಕೇಸು ಇಳಿಸುತ್ತಾರೆ. ಶೈಲಜಮ್ಮ ಮೊಣಕಾಲು ಹಿಡಿದುಕೊಂಡು ಇಳಿದು, ಮಗಳ ಸೆರಗು ಸರಿಮಾಡಿ, "ಮೊಸರನ್ನದ ಡಬ್ಬಿ ಮೇಲಿಟ್ಟಿದೀನಿ, ಅಡ್ಡ ಹಿಡೀಬೇಡ," ಎನ್ನುತ್ತಾರೆ. ಅಷ್ಟೆ. ಕಾವಲಿನ ಹುಡುಗ ಸೀಟಿ ಊದುತ್ತ ಬರುತ್ತಾನೆ.

"ಬೇಗ ಬೇಗ ಮೇಡಂ. ಇಳಿಸಿ, ಹೊರಡಿ. ಗಾಡಿ ತೆಗೀರಿ."

ಶೈಲಜಮ್ಮ ತಿರುಗುತ್ತಾರೆ.

"ಏನಪ್ಪಾ ಬೇಗ? ಮಗಳನ್ನ ಕಳಿಸ್ತಿದೀನಿ ಕಣಪ್ಪ, ಹಾಲಿನ ಕ್ರೇಟ್ ಇಳಿಸ್ತಿಲ್ಲ! ಇಪ್ಪತ್ತಾರು ವರ್ಷ ಸಾಕಿದೀನಿ, ಇಳಿಸಿ ಹೊರಡು ಅಂದ್ರೆ ಹೊರಟುಬಿಡ್ಲಾ? ನಿಮ್ಮಮ್ಮ ನಿನ್ನ ಹೀಗೇ ಕಳಿಸಿದ್ಲಾ ಇಲ್ಲಿಗೆ? ಹೇಳು!"

'ಹೇಳು' ಎಂಬುದು ಬಾಯಿಂದ ಪೂರ್ತಿ ಹೊರಡುವುದಿಲ್ಲ. ಮಧ್ಯದಲ್ಲೇ ಒಡೆದು, ಅಲ್ಲಿಂದ ಅಳು ನುಗ್ಗುತ್ತದೆ. ಕಟ್ಟೆ ಒಡೆದ ಕೆರೆಯ ಹಾಗೆ. ಅಕ್ಷಯಾ ಓಡಿಬಂದು ತಬ್ಬಿಕೊಳ್ಳುತ್ತಾಳೆ. ಇಬ್ಬರ ನಡುವೆ ಗಂಟು ಸಡಿಲಿ ಅಕ್ಕಿ ನೆಲಕ್ಕೆ ಚೆಲ್ಲುತ್ತದೆ. ನಾಗಭೂಷಣ್ ಬಗ್ಗಿ ಅಕ್ಕಿ ಬಳಿಯುತ್ತಲೇ ಅಳುತ್ತಾರೆ. ಹುಡುಗ ಸೀಟಿಯನ್ನು ಜೇಬಿಗೆ ಹಾಕುತ್ತಾನೆ. "ನಮ್ಮಮ್ಮನೂ ಹಿಂಗೇ ಬೈದೇ ಕಳಿಸಿದ್ಲು ಮೇಡಂ," ಎಂದು ಅಂಜಮ್ಮನ ಕಿವಿಯಲ್ಲಿ ಹೇಳಿ, ತಾನೂ ಕೂತು ಅಕ್ಕಿ ಆರಿಸುತ್ತಾನೆ. "ಆದ್ರೂ ಗಾಡಿ ತೆಗೀಲೇಬೇಕು."

ಈ ಗಳಿಗೆಗೇ ಅಂಜಮ್ಮ ಹೆದರಿದ್ದು. ಗಾಡಿ ನಿಲ್ಲಿಸಿಕೊಂಡರೆ ಚಾರ್ಜು, ಹಿಂದೆ ಹಾರ್ನು. ಇವರನ್ನು ಹತ್ತಿಸಿಕೊಂಡು ಹೊರಟರೆ ಈ ಅಳು ಅರ್ಧಕ್ಕೇ ನಿಂತು ಮತ್ತೆ ಒಳಗೆ ಹೋಗಿಬಿಡುತ್ತದೆ. ಬಿಟ್ಟು ಹೋದರೆ ಇನ್ನೊಂದು ಫಜೀತಿ. ಜನರನ್ನು ಮತ್ತೆ ಹತ್ತಿಸಿಕೊಳ್ಳಲು ಹಳದಿ ಬೋರ್ಡಿನ ಬಾಡಿಗೆ ಗಾಡಿಗಳು ಬಾಗಿಲಿಗೆ ಬರುವಂತಿಲ್ಲ. ದೂರದ ಪಾರ್ಕಿಂಗಿನಲ್ಲೇ ಕಾಯಬೇಕು, ಜನ ಅಲ್ಲಿಗೆ ನಡೆದು ಬರಬೇಕು. ಶೈಲಜಮ್ಮನ ಮೊಣಕಾಲಿಗೆ ಮನೆಯ ಮೂರು ಮೆಟ್ಟಿಲೇ ದೊಡ್ಡ ಬೆಟ್ಟ.

ಅಂಜಮ್ಮ ನಾಗಭೂಷಣರ ಭುಜ ತಟ್ಟುತ್ತಾರೆ. "ಸಾರ್, ನಿಲ್ಲಬಾರದು ಅಂತ ಇರೋದು ಗಾಡಿಗೆ ಮಾತ್ರ. ನೀವು ನಿಲ್ಲಿ. ಅವರು ಎಷ್ಟು ಹೊತ್ತು ಅಳ್ತಾರೋ ಅಳಲಿ, ತಡೀಬೇಡಿ. ನಾನು ಗಾಡಿ ಅಲ್ಲಿ ಹಾಕಿ ನಡ್ಕೊಂಡು ಬರ್ತೀನಿ."

ವಿಮಾನದಲ್ಲಿ ಬಂದಿಳಿದವರನ್ನು ಕರೆದೊಯ್ಯುವಾಗಲೂ ಅವರು ಮಾಡುವುದು ಇದನ್ನೇ. ಬೇರೆ ಚಾಲಕರು ಪಾರ್ಕಿಂಗಿನಲ್ಲಿ ಕೂತು ಫೋನಿನಲ್ಲಿ ದಾರಿ ಹೇಳುತ್ತಾರೆ. ಅಂಜಮ್ಮ ಫ್ಲಾಸ್ಕು ಹಿಡಿದು ಬಾಗಿಲವರೆಗೂ ನಡೆದು ಬರುತ್ತಾರೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಕೆಲವು ದಿನ ಮಧ್ಯಾಹ್ನವೂ. "ಕಾಫಿ ಕುಡ್ಕೊಂಡು, ಮಾತಾಡ್ಕೊಂಡು ನಡೆದ್ರೆ ದೂರ ಗೊತ್ತಾಗಲ್ಲ," ಎನ್ನುತ್ತಾರೆ. "ನಂಗೂ ಸೊಂಟ ಹಿಡಿಯಲ್ಲ. ಡ್ರೈವರ್‌ಗಳಿಗೆಲ್ಲ ಬರೋ ಹೊಟ್ಟೆ ನಂಗೆ ಬಂದಿದೆಯಾ, ನೋಡಿ."

ಅವರು ಮರಳಿ ಬರುವಷ್ಟರಲ್ಲಿ ಅಕ್ಷಯಾ ಗಾಜಿನ ಬಾಗಿಲಾಚೆ ನಿಂತಿದ್ದಾಳೆ. ಮೂಗು ಕೆಂಪಾಗಿದೆ, ಬಾಯಿ ನಗುತ್ತಿದೆ. ಅಂಜಮ್ಮನತ್ತ ಹೆಬ್ಬೆರಳು ಎತ್ತಿ ತೋರಿಸಿ, ಮಡಿಲಿನ ಗಂಟನ್ನು ಮಗುವಿನ ಹಾಗೆ ಅವುಚಿಕೊಂಡು ಒಳಗೆ ಹೋಗುತ್ತಾಳೆ.

ಅಂಜಮ್ಮನ ತೋಳು ಹಿಡಿದು ಶೈಲಜಮ್ಮ ಹೆಜ್ಜೆ ಹಾಕುತ್ತಾರೆ. ನಾಲ್ಕು ಹೆಜ್ಜೆಗೆ ಒಂದು ಬೆಂಚು, ಬೆಂಚಿಗೊಂದು ಕಥೆ. ಮಗಳು ಹುಟ್ಟಿದಾಗ ಎಷ್ಟು ಕರ್ರಗಿದ್ದಳು, ಯಾವ ಚಾಕ್‌ಪೀಸು ನುಂಗಿದ್ದಳು, ಅಂಗಡಿಯ ಹೆಸರುಬೇಳೆ ಮೂಟೆಯ ಮೇಲೆ ಹೇಗೆ ನಿದ್ದೆ ಹೋಗಿದ್ದಳು. ಅಳು ನಿಂತು ನಗು, ನಗು ನಿಂತು ಅಳು. ಮೂರನೇ ಬೆಂಚಿನಲ್ಲಿ ಶೈಲಜಮ್ಮ ತಾವಾಗಿಯೇ ಕೇಳುತ್ತಾರೆ: "ಹೊಟ್ಟೆ ಹಸೀತಿದೆ ಕಣೇ, ದಾರೀಲಿ ಎಲ್ಲಾದ್ರೂ ಇಡ್ಲಿ ಸಿಗತ್ತಾ?"

"ಸಿಗತ್ತೆ ಬನ್ನಿ, ಬಿಸಿಬಿಸಿ," ಎನ್ನುವಾಗ ಅಂಜಮ್ಮನ ಮುಖ ಇಷ್ಟಗಲವಾಗುತ್ತದೆ.

ಪಾರ್ಕಿಂಗಿನಲ್ಲಿ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ, ನಾಗಭೂಷಣ್ ಅಂಜಮ್ಮನನ್ನು ಪಕ್ಕಕ್ಕೆ ಕರೆಯುತ್ತಾರೆ. ಅವರ ದನಿಯಲ್ಲಿ ಕೃತಜ್ಞತೆ ತುಂಬಿದೆ.

"ಅಂಜಮ್ಮ, ಇಲ್ಲೇ ಕೌಂಟರ್ ಇಟ್ಕೊಂಡಿರೋ ಒಂದು ಟ್ರಾವೆಲ್ಸ್ ಇದೆ. ಓನರ್ ನಂಗೆ ಚೆನ್ನಾಗಿ ಬೇಕಾದವರು. ಒಂದು ಮಾತು ಹೇಳಿದ್ರೆ ನಿಮ್ಮನ್ನ ಸೇರಿಸ್ಕೋತಾರೆ. ಅವರ ಗಾಡಿಗಳಿಗೆ ಪರ್ಮಿಟ್ ಇದೆ, ಬಾಗಿಲ ಹತ್ರಾನೇ ನಿಲ್ಲಿಸಬಹುದು. ಈ ಪಾರ್ಕಿಂಗು, ಈ ನಡಿಗೆ, ಏನೂ ಇಲ್ಲ. ತಿಂಗಳಾದ್ರೆ ಸಂಬಳ. ನಾಳೇನೇ ಮಾತಾಡ್ಲಾ?"

"ಬೆಳಿಗ್ಗೆ ಮನೆ ಮುಂದೆ ಕಾಯೋಕೆ ಬಿಡ್ತಾರಾ ಸಾರ್?"

"ಕಾಯೋದ್ಯಾಕೆ? ಹತ್ತಿಸ್ಕೊಳ್ಳೋದು, ಬಿಡೋದು, ಇನ್ನೊಬ್ಬರನ್ನ ಹತ್ತಿಸ್ಕೊಳ್ಳೋದು. ಯಾರು ಅತ್ತರು, ಯಾರು ಬಿಟ್ಟರು, ಆ ತಲೆನೋವೆಲ್ಲ ನಿಮಗ್ಯಾಕೆ?"

"ಹಂಗಾದ್ರೆ ಬೇಡ."

"ಅಯ್ಯೋ, ಒಂದು ಸಲ ಯೋಚನೆ ಮಾಡಮ್ಮ."

"ಮಾಡ್ದೆ ಸಾರ್. ಬೇಡ."