ಗಂಟು ಕಾಣದ ಕಂಬ

ನಮ್ಮ ದೊಡ್ಡಪ್ಪನಿಗೆ ಇಬ್ಬರನ್ನು ಕಂಡರೆ ಆಗುತ್ತಿರಲಿಲ್ಲ: ಎಳೆ ಕೆಚ್ಚುವಾಗ ಗಂಟು ಕಾಣಿಸುವ ನೇಕಾರ, ಅದನ್ನು ಊರಿಗೆಲ್ಲ ತೋರಿಸಿ ನಗುವ ನಾನು. ಮಗ್ಗದಲ್ಲಿರುವ ಹಳೇ ಎಳೆಯ ತುದಿಗೆ ಹೊಸ ಎಳೆ ಸೇರಿಸುವ ಈ ಕೆಚ್ಚುವ ಕೆಲಸದಲ್ಲಿ ಕೊಳ್ಳೇಗಾಲಕ್ಕೆಲ್ಲ ತನ್ನ ಕೈಯೇ ಮೇಲೆಂದು ಅವನಿಗೆ ಜಂಬ. ನಿಜಕ್ಕೂ ಮೇಲೇ ಆಗಿತ್ತು, ಅದೇ ನನಗೆ ಹೊಟ್ಟೆಯುರಿ.

ಮಳೆಗಾಲದಲ್ಲಿ ನಮ್ಮ ಬೀದಿಯವರು ಸೀರೆಯ ಉದ್ದೆಳೆಗಳನ್ನು ಕಂಬದಿಂದ ಕಂಬಕ್ಕೆ ಚಾಚುತ್ತಿದ್ದುದು ಕೆರೆ ಪಕ್ಕದ ಹಳೇ ಕಲ್ಲುಮಂಟಪದಲ್ಲಿ. ಅದರ ಒಂದು ಕಂಬ ಉರುಳಿತು. ಆಗ ನಾವಿನ್ನೂ ಮದ್ರಾಸ್ ಸರ್ಕಾರಕ್ಕೆ ಸೇರಿದ್ದವರು. ಹಳೇ ಮಂಟಪಗಳ ಉಸ್ತುವಾರಿಗೆ ಅಲ್ಲಿಂದ ಬಂದ ಓವರ್‌ಸಿಯರು, "ಹೊಸ ಕಂಬ ನಿಲ್ಲಿಸಿ. ಆದರೆ ಹೊಸದು ಹೊಸದಾಗಿಯೇ ಕಾಣಬೇಕು, ನೋಡಿದವರಿಗೆ ಮೋಸವಾಗಬಾರದು" ಎಂದು ಬೀದಿಯ ಪರವಾಗಿ ಕೆಲಸ ವಹಿಸಿಕೊಂಡ ದೊಡ್ಡಪ್ಪನಿಗೆ ಹೇಳಿ ಹೋದರು.

"ಗಂಟು ಕಾಣಂಗೆ ಕೆಚ್ಚು ಅಂತಾನಲ್ಲ, ಇವನ್ಯಾವ ಸೀಮೆ ಓವರ್ಸೀರ್ಲಾ?" ದೊಡ್ಡಪ್ಪನಿಗೆ ಅನ್ನ ಸೇರಲಿಲ್ಲ.

ಇಟ್ಟಿಗೆ ಕಂಬ ಕಟ್ಟಿಸಿ, ಸಿಮೆಂಟು ಮೆತ್ತಿಸಿ, ಪಕ್ಕದ ಕಲ್ಲುಕಂಬದ ಹೂಬಳ್ಳಿಯನ್ನೇ ಅದರ ಮೇಲೆ ಮೂಡಿಸಿದ. ಬಣ್ಣ ಕೂಡಲಿಲ್ಲ. ಎರಡು ಲಡಿ ನೂಲಿನ ಬಣ್ಣ ಕೂಡದಿದ್ದರೆ ಒಂದನ್ನು ಗಾಢ, ಇನ್ನೊಂದನ್ನು ತೆಳು ಮಾಡಿ ನಡುವೆ ತರಬೇಕೆಂಬುದು ಅವನ ಕಸುಬಿನ ಸೂತ್ರ. ಹೊಸದಕ್ಕೆ ಹರಳೆಣ್ಣೆ, ದೀಪದ ಮಸಿ ಬಳಿದ. ಪಕ್ಕದ ಹಳೇ ಕಲ್ಲುಕಂಬವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ. ಹುರುಪಿನಲ್ಲಿ ಎರಡೂ ನಡುವನ್ನು ದಾಟಿಹೋದವು: ಹೊಸದು ಹಳೆಯದರಂತೆ ಕಪ್ಪಾಯಿತು, ಹಳೆಯದು ಹೊಸದರಂತೆ ಬೆಳ್ಳಗಾಯಿತು.

"ಮನೆ ಚೊಂಬನ್ನ ಒಂದಿನನಾದ್ರೂ ಇಂಗೆ ತಿಕ್ಕಿದ್ರಾ?" ಎಂದಳು ದೊಡ್ಡಮ್ಮ.

ಮುಂಗಾರು ಕವಿಯುವ ಹೊತ್ತಿಗೆ ತಪಾಸಣೆಗೆ ಬಂದವರು ಬೇರೆ ಓವರ್‌ಸಿಯರು. ಬಿದ್ದ ಕಂಬ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಮಸಿಯ ಕಂಬವನ್ನು ಭಕ್ತಿಯಿಂದ ಸವರಿದರು. ಬೆಳ್ಳಗಿದ್ದ ಕಲ್ಲುಕಂಬಕ್ಕೆ ಕೋಲು ಕುಟ್ಟಿ, "ಹಳೆಯದರಂತೆ ಬಳ್ಳಿ ಬೇರೆ ಕೆತ್ತಿಸಿದ್ದೀರಾ? ನಾಳೆಯೇ ಕೀಳಿಸಿ" ಎಂದರು.

ದೊಡ್ಡಪ್ಪನ ಮುಖ ಅರಳಿತು. ಗಂಟು ಸಿಕ್ಕಿರಲಿಲ್ಲ! ಆಮೇಲೆ ಬಾಡಿತು. ಆ ಕಂಬ ಕಿತ್ತರೆ ಮಂಟಪವೇ ಕುಸಿಯುತ್ತದೆ, ಮಳೆಯಲ್ಲಿ ಬೀದಿಯವರು ಎಳೆ ಚಾಚುವುದೆಲ್ಲಿ?

"ಸಾ, ಅದು ನಮ್ಮ ತಾತ ಮುತ್ತಾತಂದಿರ್ಗಿಂತ ಮುಂಚಿನ್ದು. ನಾ ಕಟ್ಸಿದ್ದು ಇದು ಸಾ."

"ನನಗೇ ಹೇಳಿಕೊಡುತ್ತೀರಾ? ಇದು ರಾಜರ ಕಾಲದ್ದು."

ದೊಡ್ಡಪ್ಪ ಹಾರೆ ತಂದು, ಕಣ್ಣು ಮುಚ್ಚಿ, ತನ್ನ ಬಳ್ಳಿಗೆ ತಾನೇ ಒಂದೇಟು ಹಾಕಿದ. ಸಿಮೆಂಟು ಕಳಚಿ ಕೆಂಪು ಇಟ್ಟಿಗೆ ಕಂಡಿತು. ಅಣಕಿಸಲು ಕಾದಿದ್ದ ನಾನು ಬಗ್ಗಿ ಉದುರಿದ ಚೂರುಗಳನ್ನು ಆಯತೊಡಗಿದೆ.

ಓವರ್‌ಸಿಯರು ಕೆಮ್ಮಿದರು. "ಉಳಿದದ್ದನ್ನೂ ಕೆತ್ತಿ ತೆಗೆದು ಇಟ್ಟಿಗೆ ಕಾಣುವಂತೆ ಬಿಡಿ. ಕಲ್ಲಿನದು ಇರಲಿ."

"ಸೀರೇಲಿ ಒಡಲಿಗೊಂದು ಬಣ್ಣ, ಸೆರಗಿಗೊಂದು ಬಣ್ಣ ನೀವೇ ಆಕಲ್ವಾ? ಇದೂ ಸೆರಗು ಅನ್ಕಳಿ, ಉಣ್ಣಾಕೆ ಬನ್ನಿ" ಎಂದು ದೊಡ್ಡಮ್ಮ ಗಂಡನನ್ನು ಕರೆದಳು.

ಮೊದಲ ಮಳೆಗೆ ದೊಡ್ಡಪ್ಪ ತನ್ನ ಎಳೆಗಳನ್ನು ಆ ಕೆಂಪು ಕಂಬಕ್ಕೇ ಕಟ್ಟಿದ. ಕಂಬದ ಬುಡದಲ್ಲಿ, ಮಂಟಪದ ಹಿಂದಿನ ಗೋಡೆಯ ಮಗ್ಗುಲಿಗೆ, ಒಂದೇ ಒಂದು ಸಿಮೆಂಟಿನ ಹೂವನ್ನು ಕೀಳದೆ ಉಳಿಸಿಕೊಂಡಿದ್ದ. ಅದನ್ನು ನಾನು ಯಾರಿಗೂ ತೋರಿಸಲಿಲ್ಲ.