ನಮ್ಮ ಹವಳಕ್ಕೆ ಮಾವನ ತಾಮ್ರದ ಚೊಂಬು

ಮಹಾಜನಗಳೇ, ನಮ್ಮ ಭದ್ರಾವತಿಯ ಜನ್ನಾಪುರದ ಸಮುದ್ರದಲ್ಲಿ ಇಂದು ಬೆಳಿಗ್ಗೆ ತುರ್ತು ಪರಿಸ್ಥಿತಿ ಘೋಷಿಸಿದ್ದೇನೆ. ಸಮುದ್ರ ಅಂದರೆ ನಮ್ಮ ನಡುಮನೆಯಲ್ಲಿ ಟಿವಿ ಪಕ್ಕ ಇರುವ ಉಪ್ಪುನೀರಿನ ಅಕ್ವೇರಿಯಂ. ಅದರಲ್ಲಿರುವ ಜೀವಂತ ಹವಳ ವಾರದಿಂದ ಬಣ್ಣಗೆಟ್ಟು, ಹೂವಿನಂಥ ಬಾಯಿಗಳನ್ನೆಲ್ಲ ಮುಚ್ಚಿಕೊಂಡು ಮುದುಡಿ ಕೂತಿತ್ತು.

ಬೆಳಕು ನೋಡಿದೆ, ಉಪ್ಪು ಅಳೆದೆ, ಪಂಪು ಬಿಚ್ಚಿ ತೊಳೆದೆ. ಎಲ್ಲ ಸರಿಯಿತ್ತು. ಇಂದು ಕಾಫಿ ಹಿಡಿದು ಬಂದು ನೋಡಿದರೆ, ನನ್ನ ಹೆಂಡತಿಯ ಅಪ್ಪ ತಮ್ಮ ತಾಮ್ರದ ಚೊಂಬನ್ನು ಟ್ಯಾಂಕಿಗೆ ಬಗ್ಗಿಸುತ್ತಿದ್ದಾರೆ!

“ಮಾವ, ಏನದು?”

“ನೀರು ಆರಿ ಕಮ್ಮಿ ಆಗುತ್ತಲ್ಲ ಮಾರಾಯ, ದಿನಾ ಒಂದು ಚೊಂಬು ಹಾಕ್ತೀನಿ. ರಾತ್ರಿಯಿಡೀ ತಾಮ್ರದಲ್ಲಿಟ್ಟ ನೀರು. ನನ್ನ ಮಂಡಿನೋವೇ ಹೋಯ್ತು, ಇದು ಯಾವ ಲೆಕ್ಕ?”

“ಹವಳಕ್ಕೆ ತಾಮ್ರ ವಿಷ ಮಾವ!”

ಮಾವನ ಮುಖ ಹವಳಕ್ಕಿಂತ ಬಿಳಿಚಿತು. “ಅಯ್ಯೋ, ಸತ್ತುಹೋಗುತ್ತಾ?”

“ನಾನಿದ್ದೀನಲ್ಲ, ಬದುಕುತ್ತೆ” ಎಂದೆ, ದೊಡ್ಡಾಸ್ಪತ್ರೆ ಡಾಕ್ಟರ ಗತ್ತಿನಲ್ಲಿ. ಒಂದಷ್ಟು ನೀರು ತೆಗೆದು ಹೊಸ ಉಪ್ಪುನೀರು ತುಂಬಿಸಿದೆ, ಫಿಲ್ಟರಿಗೆ ಹೊಸ ಇದ್ದಿಲು ಹಾಕಿದೆ. ಸಂಜೆಗೆ ಎರಡು ಬಾಯಿ ತೆರೆದಿವೆ.

“ಇನ್ಮೇಲೆ ಶುದ್ಧ ಮಾಡಿದ ನೀರನ್ನ ಪ್ಲಾಸ್ಟಿಕ್ ಜಗ್ಗಲ್ಲಿ ನಾನೇ ಹಾಕ್ತೀನಿ” ಅಂದರೆ ಮಾವ ಒಪ್ಪಲಿಲ್ಲ. “ಕೆಡಿಸಿದ್ದು ನಾನು, ಆರೈಕೆನೂ ನಂದೇ. ಆದ್ರೆ ಪ್ಲಾಸ್ಟಿಕ್ ಮಾತ್ರ ಬೇಡ. ಅದು ಆರೋಗ್ಯಕ್ಕೆ ಒಳ್ಳೇದಲ್ಲ.”

ಆದ್ದರಿಂದ ಭದ್ರಾವತಿಯ ಬಂಧುಗಳೇ, ಯಾರ ಮನೆಯಲ್ಲಾದರೂ ಗಾಜಿನ ಜಗ್ಗು ಸುಮ್ಮನೆ ಕೂತಿದ್ದರೆ ಇವತ್ತೇ ಕೊಡಿ. ಮಾವ ಬೆಳಿಗ್ಗೆ ಐದಕ್ಕೇ ಏಳ್ತಾರೆ.